ಅಳದ ಮಗುವಿನ ರಕ್ತ

ನಮ್ಮ ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಇನ್ನೊಂದ್ಸಲ ಅಕ್ಕ ಎಂದೇ ಕರೆಯುವುದು. ಮೆಷಿನ್ ಒಂದು ಅಂಕಿ ಕೊಟ್ಟರೆ ಬೇರೆಯವರು ಬರೆದುಕೊಂಡು ಊಟಕ್ಕೆ ಏಳುತ್ತಾರೆ. ಇವರು ಮಾತ್ರ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಯಾಕೋ ಇನ್ನೊಂದ್ಸಲ ನೋಡೋಣ" ಎನ್ನುತ್ತಾರೆ. ಮದುವೆಗೆ ಮೊದಲು ಗಂಡ "ನಿಮಗೆ ಒಪ್ಪಿಗೆನಾ?" ಎಂದು ಕೇಳಿದಾಗಲೂ "ಇನ್ನೊಂದ್ಸಲ ಹೇಳಿ" ಎಂದಿದ್ದರಂತೆ. ಆ ಮನುಷ್ಯ ಇಪ್ಪತ್ತೆಂಟು ವರ್ಷದಿಂದ ಅದನ್ನೇ ಹೇಳಿಕೊಂಡು ನಗುತ್ತಿದ್ದಾರೆ.

ಅಕ್ಕ ಇಲ್ಲಿಗೆ ಬಂದದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ತೊಳೆಯುತ್ತ ತೊಳೆಯುತ್ತ ಇದರಲ್ಲಿ ಏನಿತ್ತು, ಅದು ಯಾಕೆ ಹಳದಿಯಾಯಿತು ಎಂದು ಕೇಳಿ ಕೇಳಿ ಎಲ್ಲರ ತಲೆ ತಿಂದರು. ಇವರ ಕಾಟ ತಡೆಯಲಾರದೆ ಆಗಿನ ಡಾಕ್ಟರು ಲ್ಯಾಬ್ ಟೆಕ್ನಿಷಿಯನ್ ಪರೀಕ್ಷೆ ಕಟ್ಟಿಸಿದರು, ಇವರು ಪಾಸಾದರು, ಮೆಷಿನ್ ಇವರ ಕೈಗೆ ಬಂತು. ನಾನು ಅದೇ ಕೋಣೆಯ ಮೂಲೆಯಲ್ಲಿ ಕೂತು ಮನೆಗಳಿಗೆ ಫೋನ್ ಮಾಡುವವನು. ನನಗೆ ಮೂಗಿನ ತುದಿಯಲ್ಲೇ ಕೋಪ. ಎಂಟು ವರ್ಷದಿಂದ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದೇವೆ.

ನಮ್ಮ ಸಂಶೋಧನೆ ಮಕ್ಕಳಿಗೆ ಬರುವ ಟೈಪ್ ಒನ್ ಸಕ್ಕರೆ ಕಾಯಿಲೆಯದು. ಅದು ಸಿಹಿ ತಿಂದು ಬರುವುದಲ್ಲ. ದೇಹವನ್ನು ಕಾಯಬೇಕಾದ ಪಡೆ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ನಮ್ಮದೇ ಜೀವಕೋಶಗಳ ಮೇಲೆ ಬೀಳುತ್ತದೆ. ಆ ಜಗಳದ ಗುರುತು ರಕ್ತದಲ್ಲಿ ಸಿಗುತ್ತದೆ, ಕಾಯಿಲೆ ಮೇಲೆ ಕಾಣುವ ಎಷ್ಟೋ ತಿಂಗಳು, ವರ್ಷಗಳ ಮೊದಲೇ. ಅದಕ್ಕೆ ಸ್ವಪ್ರತಿಕಾಯ ಎನ್ನುತ್ತಾರೆ. ನಾವು ಹುಡುಕುವುದು ನಾಲ್ಕು ಬಗೆ. ಒಂದೇ ಕಂಡರೆ ಕಾದು ನೋಡುವುದು. ಎರಡೋ ಮೂರೋ ಕಂಡು, ಎರಡನೇ ಸ್ಯಾಂಪಲ್‌ನಲ್ಲೂ ಅದೇ ಬಂದರೆ, ಇವತ್ತಲ್ಲ ನಾಳೆ ಆ ಮಗುವಿಗೆ ಕಾಯಿಲೆ ಬರುವುದು ಹೆಚ್ಚುಕಡಿಮೆ ಖಚಿತ. ಮೊದಲೇ ತಿಳಿದರೆ ಮಗು ಎಚ್ಚರ ತಪ್ಪಿ ಬೀಳುವವರೆಗೆ ಕಾಯಬೇಕಿಲ್ಲ.

ರಕ್ತ ಅಂಚೆಯಲ್ಲಿ ಬರುತ್ತದೆ. ನಾವು ಮನೆಗೆ ಒಂದು ಪೆಟ್ಟಿಗೆ ಕಳಿಸುತ್ತೇವೆ. ಅದರಲ್ಲಿ ಬೆರಳಿಗೆ ಚುಚ್ಚುವ ಸೂಜಿ, ಕಿರುಬೆರಳಷ್ಟು ಉದ್ದದ ನಳಿಕೆ, ಎರಡು ಬ್ಯಾಂಡೇಜು ಇರುತ್ತವೆ. ಮನೆಯವರೇ ಹನಿ ತುಂಬಿ ವಾಪಸ್ ಹಾಕಬೇಕು.

ಒಂದು ಮಂಗಳವಾರ ನಾಲ್ಕು ವರ್ಷದ ಹುಡುಗನೊಬ್ಬನ ನಳಿಕೆಯಲ್ಲಿ ಮೂರು ಬಗೆ ಕಂಡಿತು. ಇನ್ಸುಲಿನ್ನಿನ ವಿರುದ್ಧದ ಸ್ವಪ್ರತಿಕಾಯದ ಅಂಕಿಯಂತೂ ಆಕಾಶಕ್ಕೇರಿತ್ತು. ಅವನ ಒಂಬತ್ತು ವರ್ಷದ ಅಕ್ಕನಿಗೆ ಮೂರು ವರ್ಷದಿಂದ ಇದೇ ಕಾಯಿಲೆ, ದಿನಕ್ಕೆ ನಾಲ್ಕು ಇಂಜೆಕ್ಷನ್. ಅದಕ್ಕೇ ತಾಯಿ ಚಿಕ್ಕವನ ಹೆಸರು ನಮ್ಮಲ್ಲಿ ಬರೆಸಿದ್ದಳು. ಈಗ ಆಕೆಗೆ ಫೋನ್ ಮಾಡಬೇಕಾದವನು ನಾನು.

"ಅಕ್ಕಾ, ಮೂರು ದಿನದೊಳಗೆ ಹೇಳ್ಬೇಕು ಅಂತ ನಿಯಮ ಇದೆ. ಸಂಜೆ ಫೋನ್ ಮಾಡಿಬಿಡ್ತೀನಿ" ಎಂದೆ.

"ಮಾಡು, ಬೇಡ ಅಂದೋರ್ಯಾರು? ಏನಂತ ಹೇಳ್ತೀಯಾ?"

"ಮೂರು ಕಂಡಿದೆ, ಇನ್ನೊಂದು ಸ್ಯಾಂಪಲ್ ಬೇಕು ಅಂತ."

"ಮೂರು ಕಂಡಿದೆ ಅನ್ನೋ ಮಾತು ಒಂದ್ಸಲ ತಾಯಿ ಕಿವಿಗೆ ಬಿದ್ರೆ ವಾಪಸ್ ತಗೊಳ್ಳೋಕಾಗುತ್ತೇನೋ?" ಅಕ್ಕ ಖಾಲಿ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದನ್ನ ನೋಡು. ಸರಿಯಾಗಿ ಗೆರೆ ತನಕ ತುಂಬಿತ್ತು. ಹೊರಗಡೆ ಒಂದು ಕಲೆ ಇಲ್ಲ. ನಾಲ್ಕು ವರ್ಷದ ಮಗು ಕೈ ಕೊಸರಲ್ವಾ? ಅಳಲ್ವಾ? ಇದು ಅಳದೇ ಇರೋ ಮಗುವಿನ ರಕ್ತ."

"ಪಾಪ, ಧೈರ್ಯವಂತ ಇರ್ಬಹುದು."

"ಇರ್ಬಹುದು. ಆದ್ರೆ ಇನ್ಸುಲಿನ್ ಚುಚ್ಚಿಸ್ಕೊಳ್ಳೋರಿಗೂ ಈ ಅಂಕಿ ಹೀಗೇ ಏರುತ್ತೆ. ಹೊರಗಿಂದ ಬಂದಿದ್ದನ್ನ ಕಂಡು ದೇಹ ರೇಗುತ್ತೆ. ಈ ಹುಡುಗ ಇಂಜೆಕ್ಷನ್ ತಗೊಳ್ಳೋನಲ್ಲ. ಮನೇಲಿ ತಗೊಳ್ಳೋರು ಒಬ್ರಿದ್ದಾರೆ."

ನನಗೆ ರೇಗಿತು. "ನೀವೇನು ಲ್ಯಾಬಿನೋರಾ, ಪತ್ತೇದಾರರಾ?" ಎಂದು ಕೇಳಿದೆ. ಹಾಗೆಂದರೂ ಒಳಗೊಳಗೇ ನನಗೂ ಅನುಮಾನದ ಹುಳ ಹೊಕ್ಕಿತ್ತು. ಫೋನಿನಲ್ಲಿ ಅಂಕಿಗಳ ಮಾತೆತ್ತದೆ, ಸ್ಯಾಂಪಲ್ ಬಗ್ಗೆ ಅನುಮಾನವಿದೆ, ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬನ್ನಿ ಎಂದಷ್ಟೇ ಹೇಳಿದೆ.

ಶನಿವಾರ ಕರೆತರುತ್ತೇನೆ ಎಂದಳು ಆ ತಾಯಿ. "ನನ್ನ ಮಗಳನ್ನ ಎಚ್ಚರ ಇಲ್ಲದೆ ಹೊತ್ಕೊಂಡು ಓಡಿದ್ದೆ ಸಾರ್. ಇವನಿಗೂ ಅಂದ್ರೆ ನನ್ನ ಕೈಲಾಗಲ್ಲ" ಎಂದಳು.

ಶನಿವಾರ ಬೆಳಿಗ್ಗೆ ಮೂವರೂ ಬಂದರು. ಸೂಜಿಯ ಪೆಟ್ಟಿಗೆ ಕಂಡದ್ದೇ ತಡ, ಹುಡುಗ ಮೇಜಿನ ಕೆಳಗೆ ಸೇರಿ ಅದರ ಕಾಲನ್ನು ತಬ್ಬಿಕೊಂಡ.

"ಆವತ್ತು ಮನೇಲಿ ತುಟಿ ಪಿಟಕ್ ಅನ್ನಲಿಲ್ಲ ಇವನು!" ಎಂದು ತಾಯಿ ಆಶ್ಚರ್ಯಪಟ್ಟಳು. "ಬಾಗಿಲಲ್ಲಿ ಯಾರೋ ಕರೆದ್ರು ಅಂತ ಹೋಗಿದ್ದೆ. ರಕ್ತ ನಾನು ತೆಗೀತೀನಿ ಬಿಡು ಅಂದ್ಳು ಇವಳು. ವಾಪಸ್ ಬರೋದ್ರೊಳಗೆ ಎಲ್ಲಾ ಮುಗಿದಿತ್ತು. ಮೂರು ದಿನ ಬ್ಯಾಂಡೇಜ್ ತೆಗೆಯೋಕೇ ಬಿಡಲಿಲ್ಲ ಮಹಾರಾಯ, ಕಂಡೋರಿಗೆಲ್ಲ ತೋರಿಸ್ಕೊಂಡು ತಿರುಗಿದ."

ಹುಡುಗಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ಅಕ್ಕ ಒಂದು ಮಾತೂ ಕೇಳಲಿಲ್ಲ. "ಮೆಷಿನ್ ನೋಡ್ತೀಯಾ?" ಎಂದು ಅವಳನ್ನು ಒಳಗೆ ಕರೆದೊಯ್ದರು. ನಾನೂ ಹಿಂದೆಯೇ ಹೋದೆ, ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ.

ಮೆಷಿನ್ ಸುತ್ತ ಒಂದು ಸುತ್ತು ಹಾಕಿದ ಹುಡುಗಿ ಕೇಳಿದಳು, "ಯಾರ ರಕ್ತ ಅಂತಾನೂ ಇದಕ್ಕೆ ಗೊತ್ತಾಗುತ್ತಾ?"

"ಇಲ್ಲ ಕಂದ. ಆದ್ರೆ ಇನ್ಸುಲಿನ್ ತಗೊಳ್ಳೋರದ್ದಾದ್ರೆ ಒಂದು ಅಂಕಿ ಜಾಸ್ತಿ ಬರುತ್ತೆ."

ಹುಡುಗಿ ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು. "ಅದು ನಂದೇ."

"ತಮ್ಮ ಅಳ್ತಾನೆ ಅಂತ ಹಾಗೆ ಮಾಡಿದ್ಯಾ?"

"ಅಲ್ಲ. ನನಗೆ ಮೊದಲು ಕಾಯಿಲೆ ಇರ್ಲಿಲ್ಲ. ಆಸ್ಪತ್ರೇಲಿ ಎಚ್ಚರ ಆದ್ಮೇಲೆ ಬೆರಳು ಕೊಡು ಅಂದ್ರು, ಕೊಟ್ಟೆ. ಚುಚ್ಚಿದ್ರು. ಆಮೇಲೇ ಕಾಯಿಲೆ ಬಂದಿದೆ ಅಂದ್ರು. ಇವನಿಗೆ ಚುಚ್ಚದೇ ಇದ್ರೆ ಬರಲ್ಲ ಅಲ್ವಾ?"

ಬಾಗಿಲಲ್ಲಿ ತಾಯಿ ಬಂದು ನಿಂತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡಳು. ಮೂರು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿತ್ತು ಆ ಮಗು.

ಅಕ್ಕ ಸ್ಟೂಲ್ ಎಳೆದುಕೊಂಡು ಅವಳೆದುರು ಕೂತರು. "ನಿನಗೆ ಚುಚ್ಚೋಕೆ ಎಷ್ಟೋ ಮುಂಚೆನೇ ಅದು ಒಳಗೆ ಶುರುವಾಗಿತ್ತು, ಸದ್ದಿಲ್ದೆ. ಸೂಜಿ ಅದನ್ನ ತರಲಿಲ್ಲ. ಇದೆ ಅಂತ ತೋರಿಸ್ತು, ಅಷ್ಟೇ."

"ನಾನು ಕೈ ಕೊಟ್ಟಿದ್ದಕ್ಕೆ ಅಲ್ವಾ?"

"ಅಲ್ಲ."

"ಖಂಡಿತಾನಾ?"

"ಖಂಡಿತ."

ಈ ಎಂಟು ವರ್ಷದಲ್ಲಿ ಅಕ್ಕನ ಬಾಯಲ್ಲಿ ಆ ಪದ ಕೇಳಿದ್ದು ಅದೇ ಮೊದಲು.

ಹುಡುಗಿ ಹೊರಗೆ ಹೋಗಿ ಮೇಜಿನ ಕೆಳಗೆ ಬಗ್ಗಿ ತಮ್ಮನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. "ನಾನು ಹಿಡ್ಕೊಂಡಿದೀನಲ್ಲ, ಏನೂ ಆಗಲ್ಲ ಬಾರೋ" ಎಂದಳು. ಅವನು ಕಟ್ಟಡವೇ ಹಾರಿಹೋಗುವಂತೆ ಕಿರುಚಿದ. ಅಕ್ಕನ ಮೂಗಿಗೆ ಒಂದು ಒದೆಯೂ ಬಿತ್ತು. ನಳಿಕೆ ಮುಕ್ಕಾಲು ತುಂಬಿತು, ಹೊರಗೆಲ್ಲ ರಕ್ತ ಮೆತ್ತಿತ್ತು. "ಇದು ನೋಡು ಸ್ಯಾಂಪಲ್ ಅಂದ್ರೆ" ಎಂದು ಅಕ್ಕ ಕೆಂಪಗಾದ ಮೂಗು ಉಜ್ಜಿಕೊಂಡರು.

ರಕ್ತ ಅದಲುಬದಲಾದದ್ದು ಗೊತ್ತಾದ ಮಾತ್ರಕ್ಕೆ ಹುಡುಗ ಪಾರಾದ ಎಂದಲ್ಲ. ಅವನ ರಕ್ತವನ್ನು ಇನ್ನೂ ಯಾರೂ ನೋಡಿರಲಿಲ್ಲ. ಮೆಷಿನ್‌ಗೆ ಸರದಿ ಬರುವವರೆಗೆ ನಾಲ್ಕು ದಿನ ನಾನು ಉಗುರು ಕಚ್ಚಿದೆ. ಬುಧವಾರ ಅಂಕಿಗಳು ಬಂದವು. ಅಕ್ಕ ಅದೇ ರಕ್ತವನ್ನು ಮತ್ತೆ ಮೆಷಿನ್‌ಗೆ ಹಾಕಿದರು. ಆ ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ, ಬೇಕಿದ್ದರೆ ಹತ್ತು ಸಲ ನೋಡಲಿ ಎಂದು. ಎರಡು ಸಲವೂ ನಾಲ್ಕರಲ್ಲಿ ಒಂದೂ ಕಾಣಲಿಲ್ಲ.

ಅಕ್ಕನೇ ನಂಬರ್ ಒತ್ತಿ, ಸ್ಪೀಕರ್ ಹಾಕಿಕೊಟ್ಟರು. ಸುದ್ದಿ ಕೇಳಿ ತಾಯಿ ಬಿಕ್ಕತೊಡಗಿದಳು, ಮಾತಾಡಲಾರದೆ ಫೋನನ್ನು ಮಗಳ ಕೈಗೆ ಕೊಟ್ಟಳು.

"ಅವನಿಗೆ ಒಂದೂ ಇಲ್ವಾ ಅಂಕಲ್?"

"ಒಂದೂ ಇಲ್ಲ ಪುಟ್ಟಾ. ಮುಂದಿನ ವರ್ಷ ಮತ್ತೆ ನೋಡ್ಬೇಕು. ಆದ್ರೆ ಈಗ ಇಲ್ಲ."

"ಹಾಗಾದ್ರೆ ನಮ್ಮನೇಲಿ ನಾನೊಬ್ಬಳೇ."

ಮನೆಯವರು ಏನು ಕೇಳಿದರೆ ಏನು ಹೇಳಬೇಕು ಎಂಬ ಪಟ್ಟಿ ನನ್ನ ಮೇಜಿನ ಮೇಲೆಯೇ ಇದೆ. ಅದನ್ನು ಪಕ್ಕಕ್ಕೆ ಸರಿಸಿದೆ. ಫೋನನ್ನು ಅಕ್ಕನ ಕೈಗಿಟ್ಟೆ.

"ಹೂಂ ಕಂದ" ಎಂದರು ಅಕ್ಕ, "ನೀನೊಬ್ಬಳೇ."

ಹುಡುಗಿ ದೊಡ್ಡವರ ಹಾಗೆ ನಿಟ್ಟುಸಿರು ಬಿಟ್ಟು ಹೇಳಿದಳು.

"ಹಾಗೇ ಇರ್ಲಿ. ನಾನೊಬ್ಬಳೇ ಸಾಕು."