ಹಗೇವಿನ ಬಾಯಲ್ಲಿ ಕೇಳಿದ ಪ್ರಶ್ನೆ

ತೊಂಬತ್ತರ ದಶಕದ ಆರಂಭ. ಈಸೂರಿನ ಬಳಿಯ ನಮ್ಮ ಊರಲ್ಲಿ ಹಗೇವಿನಲ್ಲಿ ಜೋಳ ಇಡುವ ಮನೆಗಳು ಕಡಿಮೆಯಾಗಿದ್ದವು; ನಮ್ಮ ಮನೆಯಲ್ಲಿ ಇನ್ನೂ ಇಡುತ್ತಿದ್ದೆವು. ಅಂಗಳದ ನೆಲದೊಳಗೆ ಆಳುದ್ದಕ್ಕೂ ಮಿಗಿಲಾದ ಗುಂಡಿ, ಮೇಲೆ ಒಬ್ಬ ತೂರುವಷ್ಟೇ ಬಾಯಿ. ಮುಚ್ಚಳ ತೆಗೆದು ಒಂದು ದಿನ ಹಾಗೇ ಬಿಟ್ಟು, ಕಂದೀಲು ಇಳಿಸಿ ನೋಡಿ, ಆಮೇಲೆ ಮನುಷ್ಯ ಇಳಿಯುವುದು ಪದ್ಧತಿ. ಆ ಸಲ ಬೆಳಗ್ಗೆಯಷ್ಟೇ ಮುಚ್ಚಳ ತೆಗೆದಿದ್ದೆವು.

ಇಳಿಸಿದ ಕಂದೀಲು ಆರಿತು. ಮತ್ತೆ ಹಚ್ಚಿ ಇಳಿಸಿದೆವು; ಮತ್ತೆ ಆರಿತು.

"ಗಾಳಿಗೆ ಆರೈತಿ ಬಿಡು. ಮಧ್ಯಾಹ್ನ ಜೋಳ ಒಯ್ಯಾಕ ಟೆಂಪೋ ಬರತೈತಿ, ಲಗೂನ ಇಳಿ" ಎಂದರು ಅಪ್ಪ. ಎಲ್ಲರೂ ಹೂಂ ಎಂದೆವು. ಅಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು.

ಅತ್ತಿಗೆ ಆನವಟ್ಟಿ ಕಡೆಯವರು. ಹೊಸ ಸೊಸೆ, ತತ್ವಶಾಸ್ತ್ರದಲ್ಲಿ ಬಿ.ಎ. "ತತ್ವ ಓದಿದರೆ ರೊಟ್ಟಿ ಉಬ್ಬತೈತೇನವ್ವಾ?" ಎಂದು ಅಮ್ಮ ರೇಗಿಸುತ್ತಿದ್ದರು. ಅಪ್ಪನ ಮುಂದೆ ಎಂದೂ ದನಿ ಎತ್ತದ ಅತ್ತಿಗೆ ಅಂದು ಬಾಗಿಲಲ್ಲಿ ನಿಂತು ಕೇಳಿದರು:

"ಮಾವಯ್ಯ, ಕಂದೀಲಿಗೆ ಗಾಜು ಇದೆಯಲ್ಲ. ನೆಲದ ಒಳಗೆ ಗಾಳಿ ಎಲ್ಲಿಂದ ಬೀಸ್ತು?"

"ಶುರುವಾತು ನೋಡ್ರಿ ಪಾಠ!" ಅಣ್ಣ ನಕ್ಕ. ಎದೆಯವರೆಗೆ ಇಳಿದಾಗಿತ್ತು.

"ನಗಬೇಡಿ ರೀ. ಗಾಳಿಗೇ ಆರಿತು ಅಂತ ನಿಮಗೆ ಹೆಂಗೆ ಗೊತ್ತು? ಅಷ್ಟು ಹೇಳಿ ಇಳೀರಿ."

ಅವನು ನಗುತ್ತಲೇ ಕಣ್ಮರೆಯಾದ. ನನಗೆ ಮಾತ್ರ ಆ ಪ್ರಶ್ನೆ ಚುಚ್ಚಿತು. ಸಡಿಲ ಬಿಡಬೇಕಾದ ಹಗ್ಗವನ್ನು ಬಿಗಿಯಾಗಿ ಹಿಡಿದೆ. ಮರುಕ್ಷಣ ಅದು ಜೋತುಬಿದ್ದ ಮೂಟೆಯಷ್ಟು ಭಾರವಾಯಿತು. ಕೂಗಿದರೆ ಉತ್ತರವಿಲ್ಲ.

ಅಪ್ಪ, ನಾನು, ಪಕ್ಕದ ಮನೆಯವರು ಸೇರಿ ಎಳೆದೆವು. ತುಟಿ ನೀಲಿಯಾಗಿತ್ತು, ಕಣ್ಣುಗಳು ಮೇಲಕ್ಕೆ ಹೊರಳಿದ್ದವು. ಅತ್ತಿಗೆ ಅವನ ಮುಖ ಹಿಡಿದು, ಹಿರಿಯರೆಲ್ಲರ ಎದುರಿಗೇ ಗಂಡನ ಹೆಸರು ಹಿಡಿದು ಕೂಗಿದರು. ಯಾರೂ ತಪ್ಪೆನ್ನಲಿಲ್ಲ. ಕೊನೆಗೆ ಅವನು ಕೆಮ್ಮಿದ.

ದೀಪ ಆರಿಸುವ ಅನಿಲ ಮನುಷ್ಯನ ಉಸಿರನ್ನೂ ನಿಲ್ಲಿಸುತ್ತದೆಂದು ಬಿ.ಎಸ್ಸಿ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು. ಉತ್ತರ ನನ್ನಲ್ಲೇ ಇತ್ತು, ಪದ್ಧತಿಯಲ್ಲೂ ಇತ್ತು. ಅದನ್ನು ಎಬ್ಬಿಸುವ ಪ್ರಶ್ನೆ ಮಾತ್ರ ನಮ್ಮ ಯಾರಲ್ಲೂ ಇರಲಿಲ್ಲ. ತತ್ವಶಾಸ್ತ್ರ ಈ ಕಾಲದಲ್ಲಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಆ ಕಂದೀಲಿನ ಕಥೆ ಹೇಳುತ್ತೇನೆ.

ಅಣ್ಣ ಇಂದಿಗೂ ಗಟ್ಟಿಮುಟ್ಟಾಗಿದ್ದಾನೆ. ಆದರೆ ನನ್ನ ಕನಸಿನಲ್ಲಿ ಅವನು ಇಳಿಯುತ್ತಲೇ ಇರುತ್ತಾನೆ. ಅತ್ತಿಗೆ ಬಾಗಿಲಲ್ಲಿ ಸೆರಗು ಹೊದ್ದು, ಒಳ್ಳೆಯ ಸೊಸೆಯ ಹಾಗೆ, ಏನೂ ಕೇಳದೆ ನಿಂತಿರುತ್ತಾರೆ.