ಒಂಬತ್ತು ಗಂಡಸರು, ಒಂದು ಕಪಾಟು

ಬ್ಲೂಮಾ ಕಪ್ಲೋವಿಟ್ಜ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದು ಮಿಸಿಸಿಪ್ಪಿಯ ಟ್ಯಾಲೋ ಬೆಂಡ್ ಊರಿನಲ್ಲಿ ಎಲ್ಲರೂ ಆಡುತ್ತಿದ್ದ ಮಾತು. ಆ ಸಿಟ್ಟು ಯಾಕೆ ಬಂತಮ್ಮ ಅಂತ ಕೇಳಿದ ಪುಣ್ಯಾತ್ಮ ಮಾತ್ರ ಒಬ್ಬನೂ ಇರಲಿಲ್ಲ.

ಆಕೆ ಹುಟ್ಟಿದ್ದು ಮುಖ್ಯ ಬೀದಿಯ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಪ್ಪ ಬೆನ್ನ ಮೇಲೆ ಗಂಟು ಹೊತ್ತು, ಹತ್ತಿ ಹೊಲಗಳನ್ನು ಸುತ್ತಿ ಸುತ್ತಿ ಕಟ್ಟಿದ ಅಂಗಡಿ ಅದು. ಐವತ್ತೆರಡು ತುಂಬಿದರೂ ಆಕೆ ಅಲ್ಲೇ ನಿಂತು ಪ್ಯಾಂಟು, ಬೂಟು, ಟೋಪಿ ಮಾರುತ್ತಿದ್ದಳು. ಮದುವೆಯಾದ ಮೇಲೂ ಗಿರಾಕಿಗಳಿಗೆಲ್ಲ ಮಿಸ್ ಬ್ಲೂಮಾ. ಅಣ್ಣತಮ್ಮಂದಿರಿಲ್ಲ, ಮಕ್ಕಳಿಲ್ಲ. ಗಂಡ ನಾಥನ್ ತೀರಿಕೊಂಡು ಒಂದು ವರ್ಷ ಕಳೆಯುತ್ತ ಬಂದಿತ್ತು.

ಊರಿನ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗನ್ನು ನಡೆಸುವವನು ತಾನೇ ಅಂತ ಲೇಬ್ ಶುಲ್ಮನ್ ಹೇಳಿಕೊಳ್ಳುತ್ತಿದ್ದ. ಕುರ್ಚಿ ಮೇಜು ಮಾರುವ ಲೇಬ್ ಅಲ್ಲಿಯ ಅಧ್ಯಕ್ಷ. ಆದರೆ ಬೆಂಚು ಒರೆಸುವವಳು ಬ್ಲೂಮಾ. ಸೂರು ಸೋರಿದರೆ ಬಕೆಟ್ ಇಡುವವಳು, ರಿಪೇರಿಯವನ ಜೊತೆ ಜಗಳವಾಡುವವಳು, ಮೇಣದ ಬತ್ತಿ ತರುವವಳು, ಶುಕ್ರವಾರ ಸಂಜೆ ಎಲ್ಲರಿಗಿಂತ ಮೊದಲು ಬಂದು ದೀಪ ಹಾಕುವವಳು, ಎಲ್ಲ ಬ್ಲೂಮಾ. ಇಷ್ಟೆಲ್ಲ ಆದ ಮೇಲೆ ಆಕೆ ಹೋಗಿ ಕೂರಬೇಕಾದದ್ದು ಹೆಂಗಸರ ಹಿಂದಿನ ಸಾಲಿನಲ್ಲಿ. ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

೧೯೭೧ರ ಸೆಪ್ಟೆಂಬರ್‌ನ ಒಂದು ಶುಕ್ರವಾರ ಅವಳ ಅಮ್ಮ ಖಾಯಾಳ ಪುಣ್ಯತಿಥಿ ಬಂತು. ಆ ದಿನ ಸತ್ತವರ ಹೆಸರಿನಲ್ಲಿ ಕದ್ದಿಶ್ ಪ್ರಾರ್ಥನೆ ಹೇಳಲೇಬೇಕು. ಹತ್ತು ಮಂದಿ ಗಂಡಸರು ಸೇರದೆ ಅದಕ್ಕೆ ಬಾಯಿ ತೆರೆಯುವ ಹಾಗಿಲ್ಲ. ಇಷ್ಟು ವರ್ಷ ಅತ್ತೆಗಾಗಿ ನಾಥನ್ ಹೇಳುತ್ತಿದ್ದ. ಈ ಸಲ ಲೇಬ್ ಹೇಳುತ್ತೇನೆ ಅಂದಿದ್ದ. ಅಮ್ಮನ ಕದ್ದಿಶ್ ಒಂದು ವರ್ಷವೂ ತಪ್ಪಿರಲಿಲ್ಲ, ಈ ವರ್ಷವೂ ತಪ್ಪಬಾರದು ಅನ್ನುವುದೊಂದೇ ಬ್ಲೂಮಾಳ ಆಸೆ.

ತಲೆ ಎಣಿಸಿದರೆ ದೃಷ್ಟಿಯಾಗುತ್ತದೆಂದು ಯಹೂದಿಗಳು ಸಂಖ್ಯೆಯನ್ನು ನೇರವಾಗಿ ಹೇಳುವುದಿಲ್ಲ. ಲೇಬ್ ಬೆರಳು ಆಡಿಸುತ್ತ "ಒಂದಲ್ಲ, ಎರಡಲ್ಲ, ಮೂರಲ್ಲ" ಅಂತ ಶುರು ಮಾಡಿ "ಒಂಬತ್ತಲ್ಲ" ಅನ್ನುವಲ್ಲಿಗೆ ನಿಂತ.

"ಸ್ಯಾಮಿ ಎಲ್ಲಿ?"

"ಫುಟ್‌ಬಾಲ್ ನೋಡೋಕ್ ಹೋಗಿದಾನೆ," ಅಂದ ಯಾರೋ. "ಹೈಸ್ಕೂಲಿನ ಪಂದ್ಯ ಇವತ್ತು. ದೇವರು ಬಂದು ಕರೆದ್ರೂ ಎದ್ದು ಬರಲ್ಲ."

ಅರ್ಧ ಗಂಟೆ ಕಾದರು. ಹೊತ್ತು ಮುಳುಗುತ್ತ ಬಂತು. ಲೇಬ್ ಗಂಟಲು ಸರಿ ಮಾಡಿಕೊಂಡ. "ನಮ್ಮಜ್ಜ ಬಿಟ್ಟು ಬಂದ ಹಳೇ ಊರಲ್ಲಿ ಒಂದ್ ದಾರಿ ಇತ್ತು. ಒಬ್ಬ ಕಮ್ಮಿಯಾದ್ರೆ ಧರ್ಮಗ್ರಂಥದ ಕಪಾಟಿನ ಬಾಗಿಲು ತೆಗೆದಿಡೋರು. ಕಪಾಟನ್ನೇ ಹತ್ತನೇದು ಅಂತ ಹಿಡಿಯೋರು. ಹಾಗೇ ಮಾಡೋಣ."

ಎಂಟೂ ಜನ ತಲೆಯಾಡಿಸಿದರು. ಲೇಬ್ ಹೋಗಿ ಕಪಾಟಿನ ಬಾಗಿಲು ತೆರೆದ.

ಹಿಂದಿನ ಸಾಲಿನಲ್ಲಿದ್ದ ಬ್ಲೂಮಾಗೆ ಮೈಯೆಲ್ಲ ಉರಿದುಹೋಯಿತು. ಸುಮ್ಮನಿದ್ದರೆ ಅಮ್ಮನ ಕದ್ದಿಶ್ ನಡೆದುಹೋಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೂ ಎದ್ದಳು, ಗಂಡಸರ ನಡುವೆಯೇ ನಡೆದು ಹೋಗಿ ಕಪಾಟಿನ ಬಾಗಿಲು ಮುಚ್ಚಿದಳು.

"ಏನ್ ಮಾಡ್ತಿದೀರಿ, ಮಿಸ್ ಬ್ಲೂಮಾ?"

"ಮರದ ಕಪಾಟನ್ನ ಮನುಷ್ಯ ಅಂತ ಎಣಿಸ್ತೀಯಲ್ಲ ಲೇಬ್, ನಾನು ನಿನ್ನ ಕಣ್ಣಿಗೆ ಕಾಣ್ಸಲ್ವಾ?"

"ನಿಯಮ ನಾನ್ ಮಾಡಿದ್ದಲ್ಲ."

"ಕಪಾಟಿನ್ ನಿಯಮ ಮಾಡಿದ್ದು ಯಾರು? ನಿಮ್ಮಜ್ಜ. ಪ್ರವಾಹ ಬಂದ ವರ್ಷ ನಿಮ್ಮಜ್ಜ ಎಲ್ಲಿದ್ದ ಗೊತ್ತಾ? ಕುರ್ಚಿಗಳನ್ನ ಗಾಡಿಗೆ ಹೇರ್ತಿದ್ದ. ಎದೆಮಟ್ಟ ನೀರಲ್ಲಿ ಬಂದು ಈ ಕಪಾಟಿನಿಂದ ಗ್ರಂಥ ತೆಗೆದು ತಲೆ ಮೇಲೆ ಹೊತ್ಕೊಂಡು ಹೋದವಳು ನಮ್ಮಮ್ಮ. ನಾನು ಎಂಟು ವರ್ಷದವಳು, ನಮ್ಮಂಗಡಿ ಅಟ್ಟದ ಮೇಲೆ ಕೂತು ನೋಡಿದೀನಿ. ಅವಳು ತರದೇ ಇದ್ದಿದ್ರೆ ನಿನ್ನ ಹತ್ತನೇ ಮನುಷ್ಯನ ಹೊಟ್ಟೇಲಿ ಏನಿರ್ತಿತ್ತು? ಕೆಸರು."

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಆ ಬೂಟುಗಳಲ್ಲಿ ಅರ್ಧದಷ್ಟು ಅವಳೇ ಮಾರಿದ್ದು.

ಬ್ಲೂಮಾ ಇನ್ನು ಅವರ ಅಪ್ಪಣೆಗೆ ಕಾಯಲಿಲ್ಲ. ನಿಂತಲ್ಲೇ ಕದ್ದಿಶ್ ಶುರು ಮಾಡಿದಳು. ಐದು ದಶಕ ಹಿಂದಿನ ಸಾಲಿನಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತುಗಳು, ಒಂದಕ್ಷರ ತಪ್ಪಲಿಲ್ಲ. ಉಳಿದವರು ಆಮೆನ್ ಅನ್ನಬೇಕಾದ ಜಾಗ ಬಂತು. ಅವಳು ನಿಲ್ಲಿಸಿದಳು. ಲೇಬ್ ಕಡೆಗೆ ತಿರುಗಿದಳು.

"ಅಮ್ಮ ಕಾಯ್ತಾ ಇದಾಳೆ, ಲೇಬ್."

ಲೇಬ್‌ನ ಕುತ್ತಿಗೆ ಕೆಂಪಾಯಿತು. ನೆಲ ನೋಡುತ್ತಲೇ "ಆಮೆನ್" ಅಂದ. ಅವನ ಹಿಂದೆ ಉಳಿದ ಎಂಟು ಬಾಯಿಗಳೂ ಅಂದವು. ಅವಳು ಕೊನೆಯವರೆಗೂ ಹೇಳಿದಳು, ಅವರು ಕೊನೆಯವರೆಗೂ ಆಮೆನ್ ಅಂದರು. ಅವಳ ದನಿಯಲ್ಲಿ ಅಳು ಇರಲಿಲ್ಲ, ಬರೀ ಸಿಟ್ಟೇ ಇತ್ತು.

ಮುಗಿದ ಮೇಲೆ ಲೇಬ್ ಹತ್ತಿರ ಬಂದು ದನಿ ತಗ್ಗಿಸಿದ. "ಆಗಿದ್ದು ಆಗ್ಹೋಯ್ತು. ತಿಂಗಳಿಗೊಮ್ಮೆ ಪ್ರಾರ್ಥನೆ ನಡೆಸೋಕ್ ಬರೋ ರಬ್ಬಿಗೆ ಹೇಳ್ಬೇಡಿ. ಯಾರಾದ್ರೂ ಕೇಳಿದ್ರೆ, ಇವತ್ತು ನೀವು ಇಲ್ಲಿರ್ಲಿಲ್ಲ ಅಂತ ಹೇಳ್ತೀನಿ."

ಬ್ಲೂಮಾ ಕೈಚೀಲದಿಂದ ಸಿನಗಾಗಿನ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಹಾಗೇ ಹೇಳು," ಅಂದಳು. "ಮುಂದಿನ ಶುಕ್ರವಾರಾನೂ ನಾನಿಲ್ಲಿ ಇರಲ್ಲ."