ನಾಲ್ಕನೇ ಸಲ ಆ ಹಾಡು ಬಂದಾಗ

ಕಳೆದ ಗುರುವಾರ, ಬೆಳಗ್ಗೆ ಹತ್ತೂ ಮುಕ್ಕಾಲು. ಅರಸೀಕೆರೆ ಪೇಟೆಬೀದಿಯ ಒಂದು ಜವಳಿ ಅಂಗಡಿ. ಹಾಜರಿದ್ದವರು: ನಾನು, ಹಳೇಬೀಡಿನಿಂದ ಬಂದಿದ್ದ ನನ್ನ ತಂಗಿ ಶಾರದಾ, ಅಂಗಡಿ ಮಾಲೀಕರಾದ ರುದ್ರಪ್ಪನವರು, ನಮಗೆ ಸೀರೆ ಬಿಡಿಸಿ ತೋರಿಸುತ್ತಿದ್ದ ಮಂಜುಳಾ. ಇವರಲ್ಲದೆ ಇನ್ನೊಬ್ಬನಿದ್ದ. ಅವನು ಟೇಪ್ ರೆಕಾರ್ಡರಿನ ಒಳಗಿದ್ದ.

ಅವನು ಯಾರನ್ನೋ "ಬಾ" ಎಂದು ಕರೆಯುತ್ತಿದ್ದ. ಹನ್ನೊಂದು ಸಲ. (ಎಣಿಸಿದ್ದೇನೆ.) ನಡುವೆ ತಗಡಿನ ಮೇಲೆ ಕಡಲೆ ಸುರಿದಂಥ ಒಂದು ಡ್ರಮ್ಮು. ಮತ್ತೆ "ಬಾ". ಇಪ್ಪತ್ತು ವರ್ಷದ ಹಿಂದೆ ಈ ಹಾಡು ಮದುವೆಮನೆಗಳ ಮೈಕಿನಲ್ಲಿ ಊರೆಲ್ಲ ಕೇಳುತ್ತಿತ್ತು. ಅವಳು ಆಗಲೇ ಬರಲಿಲ್ಲ. ಈಗ ಬರುತ್ತಾಳೆಯೇ?

ನನಗೊಂದು ವಿಷಯ ಅರ್ಥವಾಗುವುದಿಲ್ಲ. ಬೆಂಡು ಬತ್ತಾಸು ಕೊಳ್ಳಲು ಹೋದರೂ ಹಾಡು, ಚಪ್ಪಲಿ ಕೊಳ್ಳಲು ಹೋದರೂ ಹಾಡು. ಔಷಧಿ ಅಂಗಡಿಯಲ್ಲಿ ಜ್ವರದ ಮಾತ್ರೆ ಕೇಳಿದರೆ ಹಿಂದಿನಿಂದ ಒಬ್ಬ ವಿರಹದಲ್ಲಿ ಗೋಳಾಡುತ್ತಾನೆ. ಅದೂ ಹೊಸ ಹಾಡಲ್ಲ, ಒಮ್ಮೆ ಸವೆದು ಹೋದದ್ದು. ಹಳಸಿದ ಅನ್ನ ಬಡಿಸಿದರೆ ಎದ್ದು ಹೋಗುವ ಜನ, ಹಳಸಿದ ಹಾಡಿಗೆ ಯಾಕೆ ಸುಮ್ಮನಿರುತ್ತಾರೆ?

ನಾನು ಸುಮ್ಮನಿರುವವಳಲ್ಲ. ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. (ಈ ಅಂಕಣ ಓದುವ ಕೆಲವರು ನನ್ನಿಂದ ಬೈಸಿಕೊಂಡವರೇ.) ಐದಕ್ಕೆ ಏಳುವ ಗಂಟೆ, ಆರಕ್ಕೆ ಓದುವ ಗಂಟೆ, ಎಂಟಕ್ಕೆ ತಿಂಡಿಯ ಗಂಟೆ. ಗಂಟೆಗಳ ನಡುವೆ ಸದ್ದಿಲ್ಲ. ನಿವೃತ್ತಿಯಾದ ಮೇಲೂ ಮನೆಯಲ್ಲಿ ಇದೇ ಕ್ರಮ. ಗುರುವಾರ ಪೇಟೆ ಕೆಲಸ, ಹನ್ನೆರಡಕ್ಕೆ ಮನೆ.

ಆದರೆ ಅಂದು ಶಾರದಾ ಮಗಳ ನಿಶ್ಚಿತಾರ್ಥಕ್ಕೆ ಸೀರೆ ಆರಿಸುತ್ತಿದ್ದಳು. ಸೀರೆಗೆ ಟೈಮ್‌ಟೇಬಲ್ ಉಂಟೇ? ಸರಿಯಾಗಿ ಒಂದು ಗಂಟೆ ಕಳೆದ ಮೇಲೆ ಟೇಪಿನ ಮನುಷ್ಯ ಮತ್ತೆ ಬಂದ. ಮತ್ತೆ "ಬಾ".

"ರುದ್ರಪ್ಪನವರೇ, ಇದನ್ನ ನಿಲ್ಲಿಸ್ತೀರಾ?"

"ಸ್ವಲ್ಪ ಸೌಂಡ್ ಕಮ್ಮಿ ಮಾಡ್ಲಾ ಮೇಡಂ?"

"ಕಮ್ಮಿ ಬೇಡ. ಶಾಶ್ವತವಾಗಿ ನಿಲ್ಸಿ."

ಅವರ ಮಗಳು ನನ್ನ ಹಾಸ್ಟೆಲಿನಲ್ಲಿದ್ದು ಓದಿದವಳು. ಎದುರು ಮಾತಾಡದೆ ಕ್ಯಾಸೆಟ್ ತೆಗೆದು ಕಪಾಟಿಗೆ ಹಾಕಿದರು. "ನನಗೂ ಸಾಕಾಗಿತ್ತು ಬಿಡಿ. ಟೇಪ್ ತಗೊಂಡಾಗ ಫ್ರೀ ಬಂದಿದ್ದು."

"ಅಕ್ಕ, ಅಂಗಡೀನೂ ಹಾಸ್ಟೆಲ್ ಮಾಡ್ಬಿಟ್ಟೆ ಕಣಕ್ಕ," ಎಂದಳು ಶಾರದಾ. ನನಗೆ ಅದು ಹೊಗಳಿಕೆಯಂತೆ ಕೇಳಿತು. ಐದು ಸೀರೆ ಆರಿಸಿ ಒಂದೂಕಾಲಿಗೆ ಹೊರಟೆವು. ಮಂಜುಳಾ ನನ್ನನ್ನು ಒಂದು ಥರ ನೋಡಿದಳು. ಅವಳಿಗೂ ಖುಷಿಯಾಗಿರಬೇಕು ಅಂದುಕೊಂಡೆ.

ಸೋಮವಾರ ಹನ್ನೊಂದಕ್ಕೆ, ಫಾಲ್ಸ್ ಹಾಕಲು ಕೊಟ್ಟಿದ್ದ ಸೀರೆ ತರಲು ಹೋದೆ. ಅಂಗಡಿ ಪರೀಕ್ಷಾ ಕೊಠಡಿಯಷ್ಟು ನಿಶ್ಶಬ್ದ. ಮಂಜುಳಾಳ ಕಣ್ಣು ಮಾತ್ರ ಊದಿಕೊಂಡಿತ್ತು.

"ಏನಾಯ್ತಮ್ಮ?"

"ಏನಿಲ್ಲ ಬಿಡಿ ಅಮ್ಮ."

ಮೂವತ್ತು ವರ್ಷ "ಏನಿಲ್ಲ ಬಿಡಿ" ಕೇಳಿದವಳು ನಾನು. ಅಲ್ಲೇ ನಿಂತೆ. ಅವಳು ಮಾಲೀಕರ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು.

ಅವಳದು ಹಾರನಹಳ್ಳಿ. ಐದೂಮುಕ್ಕಾಲಿನ ಬಸ್ಸು ಹಿಡಿದರೆ ಕತ್ತಲಾಗುವುದರೊಳಗೆ ಮನೆ. ಅದು ತಪ್ಪಿದರೆ ಏಳರ ಬಸ್ಸು. ಮನೆಯಲ್ಲಿ ಎರಡು ವರ್ಷದ ಮಗುವನ್ನು ನೋಡಿಕೊಳ್ಳುವುದು ಅತ್ತೆ. ಅತ್ತೆಗೆ ಹೊತ್ತು ಮುಳುಗಿದರೆ ಕಣ್ಣು ಕಾಣುವುದಿಲ್ಲ. ಗಂಡ ಗಾರೆ ಕೆಲಸಕ್ಕೆ ಊರೂರು ಸುತ್ತುವವನು, ವಾರಕ್ಕೊಮ್ಮೆ ಬರುತ್ತಾನೆ. ಗುರುವಾರ ಬಸ್ಸು ತಪ್ಪಿತು. ಶುಕ್ರವಾರ, ಶನಿವಾರವೂ ತಪ್ಪಿತು. ಅಂದು ಅವಳು ಹೋಗುವಷ್ಟರಲ್ಲಿ ಮಗು ಉರಿಯುವ ಒಲೆಯ ಮುಂದೆ ಕೂತು ಸೌದೆ ಎಳೆಯುತ್ತಿತ್ತಂತೆ. "ಇನ್ನೊಂದ್ ದಿನ ತಡ ಮಾಡುದ್ರೆ ಕೆಲ್ಸ ಬಿಟ್ಬುಡು ಅಂದವ್ರೆ ನಮ್ಮತ್ತೆ."

"ಇಷ್ಟು ದಿನ ತಪ್ಪದ ಬಸ್ಸು ಈಗ್ಯಾಕೆ ತಪ್ತು?"

ಅವಳು ನೆಲ ನೋಡಿದಳು. "ನೀವು ಹಾಡು ನಿಲ್ಲಿಸಿದ್ರಲ್ಲ ಅಮ್ಮ."

ಕೆಲಸದ ಹುಡುಗಿಯರು ವಾಚು ಕಟ್ಟುವಂತಿಲ್ಲ. ಪಟ್ಟಿಯ ಕೊಕ್ಕೆ ತಗುಲಿ ರೇಷ್ಮೆಯ ಎಳೆ ಕೀಳುತ್ತದೆ. ಗೋಡೆಯಲ್ಲಿ ಗಡಿಯಾರವಿಲ್ಲ. ಗಿರಾಕಿಗಳನ್ನು ಕೇಳುವಂತಿಲ್ಲ, ಕೇಳಿದರೆ ಅವರೂ ವಾಚು ನೋಡಿಕೊಂಡು ಎದ್ದುಬಿಡುತ್ತಾರೆ. ಆದರೆ ರುದ್ರಪ್ಪನವರು ಊಟ ಮುಗಿಸಿ ಬಂದು ಎರಡಕ್ಕೆ ಸರಿಯಾಗಿ ಕ್ಯಾಸೆಟ್ ಮೊದಲಿಂದ ಹಾಕುತ್ತಿದ್ದರು. ಈ ಬದಿ ಅರ್ಧ ಗಂಟೆ, ಆ ಬದಿ ಅರ್ಧ ಗಂಟೆ. ತಾನೇ ತಿರುಗಿಕೊಳ್ಳುವ ಟೇಪು. ಕರೆಂಟು ಹೋದರೂ ಬ್ಯಾಟರಿ ಮೇಲೆ ನಡೆಯುತ್ತದೆ. ಮೊದಲ ಬದಿಯ ಕೊನೆಯ ಹಾಡೇ ಆ "ಬಾ". ಅದು ನಾಲ್ಕನೇ ಸಲ ಬಂದು ಮುಗಿದರೆ ಐದೂವರೆ. ಲೆಕ್ಕ ತಪ್ಪಬಾರದೆಂದು ಮಂಜುಳಾ ರವಿಕೆಯ ಎಡತೋಳಿಗೆ ನಾಲ್ಕು ಪಿನ್ನು ಚುಚ್ಚಿಕೊಂಡಿರುತ್ತಿದ್ದಳು. ಹಾಡು ಬಂದಾಗಲೆಲ್ಲ ಒಂದು ಪಿನ್ನು ಬಲತೋಳಿಗೆ.

"ಬೇರೆ ಯಾವ್ದಾದ್ರೂ ಕ್ಯಾಸೆಟ್ ಆಗಲ್ವಾ?"

"ಇದಾದ್ರೆ ಯಾರತ್ರ ಮಾತಾಡ್ತಿದ್ರೂ ಕಿವಿಗೆ ಬಿದ್ಬುಡ್ತೈತೆ ಅಮ್ಮ. ಬೇರೆವು ಬೀಳಲ್ಲ."

ಅದು ನಿಜ. ಅದಕ್ಕೆ ನಾನೇ ಸಾಕ್ಷಿ.

ನೇರವಾಗಿ ರುದ್ರಪ್ಪನವರ ಬಳಿ ಹೋದೆ. ಒಂದು ಗೋಡೆ ಗಡಿಯಾರ ಹಾಕಿ ಎಂದೆ.

"ಗಡಿಯಾರ ಇದ್ರೆ ಗಿರಾಕಿ ಕೂರ್ತಾರಾ ಮೇಡಂ? ಅವತ್ತು ನಿಮ್ಮ ತಂಗಿಯವರು ಎದ್ದು ಹೋಗಿರೋರು, ಎರಡೇ ಸೀರೆ ತಗೊಂಡು. ಐದೂವರೆಗೆ ನಾನೇ ಹೇಳ್ತೀನಿ ಬಿಡಿ."

ಶುಕ್ರವಾರವೂ ಹಾಗೇ ಹೇಳಿದ್ದರಂತೆ. ಗಿರಾಕಿ ಬಂದಾಗ ಮರೆತರಂತೆ. ಒಳ್ಳೆಯ ಮನುಷ್ಯರೇ, ಆದರೆ ಮರೆವಿಗೆ ಒಳ್ಳೆಯವರು ಕೆಟ್ಟವರು ಎಂಬ ಭೇದವಿಲ್ಲ. ನಾನು ಹಾಸ್ಟೆಲ್ ನಡೆಸಿದ್ದು ಯಾರ ಜ್ಞಾಪಕಶಕ್ತಿಯನ್ನೂ ನಂಬಿ ಅಲ್ಲ. ಗಂಟೆಯನ್ನು ನಂಬಿ. ಇಲ್ಲಿ ಹೋಗಿ ನಾನೇ ಗಂಟೆ ಬಿಚ್ಚಿಸಿದ್ದೆ.

"ಹಾಗಾದ್ರೆ ಆ ಹಾಡು ಹಾಕಿ."

"ಶಾಶ್ವತವಾಗಿ ಅಂದಿದ್ರಿ?"

"ಅಂದಿದ್ದೆ. ಈಗ ಹಾಕಿ ಅಂತಿದೀನಿ."

"ಕ್ಯಾಸೆಟ್ಟೇ ಇಲ್ವಲ್ಲ ಮೇಡಂ. ನಮ್ಮ ಭಾವಮೈದ ಲೋಕೇಶ ಟೆಂಪೋಗೆ ತಗೊಂಡ್ಹೋದ. ಗಂಡಸಿ ರೂಟು."

ಹನ್ನೊಂದೂವರೆಗೆ ಬಸ್ ಸ್ಟ್ಯಾಂಡ್ ಬಳಿ ಟೆಂಪೋಗಳು ನಿಲ್ಲುವಲ್ಲಿಗೆ ಹೋದೆ. ಲೋಕೇಶ ಗಂಡಸಿಯಿಂದ ಬಂದದ್ದು ಹನ್ನೆರಡೂವರೆಗೆ. ಒಂದು ಗಂಟೆ ಬಿಸಿಲಲ್ಲಿ ನಿಂತಿದ್ದೆ. (ಯಾವ ಹಾಡನ್ನು ಕೇಳಿ ಓಡಿಹೋಗಬೇಕೆನಿಸಿತ್ತೋ ಅದಕ್ಕಾಗಿ.)

"ಯಾವ ಕ್ಯಾಸೆಟ್ಟು ಮೇಡಂ? ನಂತಾವ ಒಂದು ಚೀಲ ಐತೆ. ಚೀಟಿ ಎಲ್ಲಾ ಕಿತ್ತೋಗವೆ. ಹಾಡು ಹೇಳಿ, ಹುಡುಕ್ತೀನಿ."

ಹಾಡಿನ ಹೆಸರು ಗೊತ್ತಿದ್ದರೆ ತಾನೇ? ಟೆಂಪೋದೊಳಗೆ ಆಗಲೇ ಹತ್ತು ಜನ ಕೂತಿದ್ದರು. ಮಧ್ಯಾಹ್ನ ಎರಡರೊಳಗೆ ಕ್ಯಾಸೆಟ್ ಅಂಗಡಿಯಲ್ಲಿರಬೇಕು. ಕೊಡೆ ಮಡಚಿದೆ. ಗಂಟಲು ಸರಿಮಾಡಿಕೊಂಡೆ. ಹಾಡಿದೆ. ಡ್ರಮ್ಮಿನ ಜಾಗ ಬಿಟ್ಟು ಎಲ್ಲವೂ ಬಂತು.

"ಇನ್ನೊಂದ್ ಸಾರಿ ಹೇಳಿ ಮೇಡಂ, ಸರಿಯಾಗಿ ಗೊತ್ತಾಗ್ಲಿಲ್ಲ," ಎಂದ ಲೋಕೇಶ. ಗೊತ್ತಾಗಿತ್ತು. ಅವನ ಮುಖವೇ ಹೇಳುತ್ತಿತ್ತು.

ಕಿಟಕಿಯಿಂದ ಒಬ್ಬ ಹೆಂಗಸು ತಲೆ ಹೊರಹಾಕಿದಳು. "ನಮ್ಮ ವಾರ್ಡನ್ ಕಣ್ರೀ ಇವ್ರು. ನಾವು ಹಾಸ್ಟೆಲಲ್ಲಿ ಈ ಹಾಡು ಗುನುಗಿದ್ರೆ ಬಾಗಿಲಾಚೆ ನಿಲ್ಲಿಸ್ತಿದ್ರು."

"ಈಗ ಅವ್ರೇ ಆಚೆ ನಿಂತವ್ರಲ್ಲವ್ವ," ಎಂದರು ಅವಳ ಪಕ್ಕದಲ್ಲಿದ್ದ ಅಜ್ಜ.

ಟೆಂಪೋ ಪೂರ್ತಿ ನಕ್ಕಿತು. ನನಗೂ ನಗು ಬಂತು. ಬದಲಿಗೆ ನನ್ನ ಭಜನೆ ಕ್ಯಾಸೆಟ್ ಕೊಡುತ್ತೇನೆ ಎಂದು ಲೋಕೇಶನಿಗೆ ಹೇಳಿದೆ. "ಬ್ಯಾಡ ಮೇಡಂ, ಹಂಗೇ ತಗೊಂಡೋಗಿ," ಎಂದು ಅವಸರವಾಗಿ ಕೈಗಿಟ್ಟ.

ಎರಡಕ್ಕೆ ರುದ್ರಪ್ಪನವರು ಗುಂಡಿ ಒತ್ತಿದರು. ಮಂಜುಳಾ ಎಡತೋಳಿಗೆ ನಾಲ್ಕು ಪಿನ್ನು ಚುಚ್ಚಿಕೊಂಡಳು. ನಾನು ಮನೆಗೆ ಹೋಗಿ ಊಟ ಮಾಡಿದೆ. (ಒಂದರ ಊಟ, ಒಂದೂವರೆ ಗಂಟೆ ತಡ. ಪ್ರಪಂಚ ಮುಳುಗಲಿಲ್ಲ.) ಆದರೂ ಮನಸ್ಸು ತಡೆಯಲಿಲ್ಲ; ಸಂಜೆ ಒಂದು ರವಿಕೆ ಕಣದ ನೆಪ ಮಾಡಿಕೊಂಡು ಮತ್ತೆ ಅಂಗಡಿಗೆ ಹೋದೆ.

ಅವನು ಬಂದ. ನಾಲ್ಕನೇ ಸಲ. ಹನ್ನೊಂದು "ಬಾ" ಮುಗಿದವು. ಮಂಜುಳಾ ಒಬ್ಬ ಗಿರಾಕಿಗೆ ಅಂಚು ತೋರಿಸುತ್ತಲೇ ಕೊನೆಯ ಪಿನ್ನು ಬಲತೋಳಿಗೆ ಸಿಕ್ಕಿಸಿ, ಸೀರೆಯನ್ನು ಪಕ್ಕದ ಹುಡುಗಿಗೆ ಒಪ್ಪಿಸಿ, ಬ್ಯಾಗು ತೆಗೆದುಕೊಂಡಳು.

ನಾನು ವಾಚು ನೋಡಿದೆ. ಐದು ಇಪ್ಪತ್ತಾರು. "ನಿಧಾನವಾಗಿ ಹೋಗು, ಇನ್ನೂ ನಾಲ್ಕು ನಿಮಿಷ ಇದೆ."

"ಇಲ್ಲಮ್ಮ, ಆಗೋಯ್ತು. ಬತ್ತೀನಿ," ಎಂದು ಅವಳು ನಿಲ್ಲದೆ ಹೊರಟಳು.

ಟೇಪು ಸ್ವಲ್ಪ ಬೇಗ ಓಡುತ್ತಿದೆ, ಪಾಪ ಹುಡುಗಿಗೆ ಗೊತ್ತಿಲ್ಲ ಎಂದುಕೊಂಡು, ಅವಳಿಗೆ ಸಮಯ ಹೇಳಿ ಸಮಾಧಾನ ಮಾಡೋಣವೆಂದು ನಾನೂ ನಿಧಾನವಾಗಿ ಬಸ್ ಸ್ಟ್ಯಾಂಡಿಗೆ ನಡೆದೆ. ಹಾರನಹಳ್ಳಿ ಬಸ್ಸು ಆಗಲೇ ತಿರುವಿನಲ್ಲಿತ್ತು. ಕಿಟಕಿ ಪಕ್ಕ ಮಂಜುಳಾ ಕೂತಿದ್ದಳು. ಕೈ ಬೀಸಿದಳು.

ನನ್ನ ವಾಚಿನಲ್ಲಿ ಐದು ನಲವತ್ತೊಂದು.

ಮನೆಗೆ ಬಂದು ರೇಡಿಯೋ ಹಾಕಿ, ವಾರ್ತೆಗೆ ಕಾದು, ವಾಚನ್ನು ನಾಲ್ಕು ನಿಮಿಷ ಮುಂದಕ್ಕೆ ತಿರುಗಿಸಿದೆ. ಅಂದಿನ ಕೊನೆಯ ಕೆಲಸ ಅದು. ನಿಮ್ಮ ಮನೆಯ ವಾಚು ಸರಿಯಾಗಿದೆಯೇ, ಅಥವಾ ನಿಮ್ಮೂರಿನ ಜವಳಿ ಅಂಗಡಿಯಲ್ಲೊಮ್ಮೆ ವಿಚಾರಿಸುತ್ತೀರೋ?